ಪಟ್ಟಿಯಲ್ಲಿ ಹನ್ನೊಂದು ಹೆಸರು

ಸೆಪ್ಟೆಂಬರಿನಲ್ಲಿ ಕೊಟ್ಟರು ನನಗೆ ಈ ಪಟ್ಟಿ.
ಡ್ರಾಯರಿನಲ್ಲಿ ಬೀಗ ಹಾಕಿ ಇಡತಕ್ಕದ್ದು,
ಯಾರಿಗೂ ತೋರಿಸತಕ್ಕದ್ದಲ್ಲ.
ಹನ್ನೊಂದು ಹೆಸರು, ಎದುರಿಗೆ ಕೋಣೆಯ ಸಂಖ್ಯೆ,
ಅದರೆದುರು ಒಂದು ತಾರೀಖು:
ಅಂದು ಇವರು ದೊಡ್ಡವರಾಗುತ್ತಾರಂತೆ.
ಅಲ್ಲಿಯತನಕ ಅಪ್ರಾಪ್ತರು.
ಏನು ಪ್ರಾಪ್ತವಾಗಿಲ್ಲವೆಂದು ಬರೆದಿರಲಿಲ್ಲ.

ಅಬರ್ಡೀನಿನ ಈ ಹಾಸ್ಟೆಲಿಗೆ ರಾತ್ರಿ ಕಾವಲಿನವಳು ನಾನು,
ಎಫಿ ಗನ್. ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ
ಮುಳ್ಳು ತೆಗೆದ ಕೈ ಇದು.
ಈಗ ಒಂದು ದಿನದ ತರಬೇತಿಯ ಸರ್ಟಿಫಿಕೇಟು ಇದೆ:
ಮುಚ್ಚಿದ ಬಾಗಿಲ ಹಿಂದೆ ಮಾತಾಡಿಸಬಾರದು,
ಗುಟ್ಟಾಗಿಡುತ್ತೇನೆಂದು ಮಾತು ಕೊಡಬಾರದು,
ಹೆಗಲ ಮೇಲೆ ಕೈಯಿಡುವ ಮುನ್ನ ಕೇಳಬೇಕು.
ಸರಿಯೇ ಎಲ್ಲ. ಅಂಥ ಕೈಗಳೂ ಇವೆ ಲೋಕದಲ್ಲಿ.
ಹದಿನಾರಕ್ಕೆ ಕೆಲಸಕ್ಕೆ ಸೇರಿದವಳು, ನನಗೆ ಗೊತ್ತು.
ಆಗ ಯಾವ ಡ್ರಾಯರಿನಲ್ಲೂ ನನ್ನ ಹೆಸರಿರಲಿಲ್ಲ.

ಮುನ್ನೂರ ಹದಿನಾಲ್ಕು: ರೋನಾ ಗಿಲ್ಲಿಸ್, ಬಾರಾ ದ್ವೀಪದವಳು.
ಅವಳೂರಲ್ಲಿ ವಿಮಾನ ಇಳಿಯುವುದು ಬರಿಯ ಮರಳಿನ ಮೇಲೆ,
ಕಡಲು ಹಿಂದೆ ಸರಿದ ಹೊತ್ತು ನೋಡಿ.
ಹದಿನೇಳಕ್ಕೇ ಸೀಟು ಸಿಕ್ಕಿತು, ರಸಾಯನಶಾಸ್ತ್ರ.
ಸೀಟಿನ ಬೆನ್ನಿಗೇ ಕಾಗದದ ಕಟ್ಟು:
ಪ್ರಯೋಗಾಲಯಕ್ಕೆ ಅಮ್ಮನ ಸಹಿ, ಆಸ್ಪತ್ರೆಗೆ ಅಮ್ಮನ ಸಹಿ,
ಕೋಣೆಯ ಬಾಡಿಗೆಗೆ ಅಮ್ಮನ ಸಹಿ.
ದೋಣಿಯ ಟಿಕೆಟು ಹರಿಯುವ ಅಮ್ಮ ಸಹಿ ಮಾಡಿ ಮಾಡಿ
ಕೊನೆಯ ಹಾಳೆಯಲ್ಲಿ ಅಕ್ಷರವೇ ಅಲೆಯಾಗಿತ್ತೆಂದು
ನಗುತ್ತಾ ಹೇಳಿದ್ದಳು ಹುಡುಗಿ, ಮೊದಲ ದಿನ.

ಆಮೇಲೆ ನಗಲಿಲ್ಲ.
ಪಾರ್ಟಿಯಲ್ಲಿ ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟಿದರು,
ಅಂದರೆ ಇವಳಿಗೆ ಹಣ್ಣಿನ ರಸ ಮಾತ್ರ.
ಜೊತೆಯವರು ಮರಿ ಎಂದು ಕರೆದರು; ಪ್ರೀತಿಯಿಂದಲೇ,
ಅದೇ ಕಷ್ಟ.
ಪ್ರತಿ ಬುಧವಾರ ನಾನು ಬಾಗಿಲು ತಟ್ಟಬೇಕು.
ಊಟ ಆಯಿತೇ, ನಿದ್ದೆ ಬರುತ್ತದೆಯೇ, ಯಾರಾದರೂ ತೊಂದರೆ ಕೊಟ್ಟರೇ,
ಹೊಸ್ತಿಲಲ್ಲೇ ನಿಂತು, ಬಾಗಿಲಿಗೆ ಕಾಲು ಅಡ್ಡಕೊಟ್ಟು,
ಫಾರ್ಮಿನಲ್ಲಿ ಮೂರು ಗುರುತು.
"ಮನೆಯಲ್ಲಿ ಕುರಿ ಈಯಿಸಿದ್ದೇನೆ," ಅಂದಳು ಒಮ್ಮೆ,
"ಒಬ್ಬಳೇ, ರಾತ್ರಿ ಮೂರಕ್ಕೆ, ಮೊಣಕೈ ತನಕ ಕೈ ಹಾಕಿ.
ಇಲ್ಲಿ ಕಿಟಕಿ ತೆಗೆಯಲೂ ನಿಮ್ಮನ್ನು ಕೇಳಬೇಕೇ?"
ಕೇಳಬೇಕಿಲ್ಲ, ಅಂದೆ. ಕಿಟಕಿ ತೆರೆಯುವುದೇ ಅಂಗೈಯಗಲ,
ಎಲ್ಲರಿಗೂ.

ನವೆಂಬರಿನಲ್ಲಿ ಗೇಟಿನಾಚೆ ಒಂದು ನೀಲಿ ಕಾರು.
ಪ್ರಯೋಗಾಲಯದಲ್ಲಿ ಕಲಿಸುವವನು, ಇಪ್ಪತ್ತೊಂಬತ್ತಿರಬಹುದು.
ಮಳೆಯಿತ್ತು, ಬಿಟ್ಟುಹೋದ.
ಮತ್ತೊಂದು ದಿನ ಮಳೆಯಿರಲಿಲ್ಲ.
ಮೂರನೆಯ ಸಲ, ಪಟ್ಟಿಯ ಕೆಳಗೆ ಅಚ್ಚಾದ ನಂಬರಿಗೆ
ಫೋನು ಮಾಡಿದೆ.
ಕಾರು ಮತ್ತೆ ಬರಲಿಲ್ಲ. ರೋನಾ ಒಂದು ತಿಂಗಳು
ನನ್ನ ಮುಖ ನೋಡದೆ ಕಾರ್ಡು ತೋರಿಸಿ ನಡೆದಳು.
"ಅವರು ಬರೀ ಪುಸ್ತಕ ಕೊಟ್ಟರು." ಅಂದದ್ದು ಅಷ್ಟೇ.
ಇದ್ದರೂ ಇರಬಹುದು. ಮುಳ್ಳು ಕಣ್ಣಿಗಿಂತ ಮೊದಲು
ಬೆರಳಿಗೆ ಗೊತ್ತಾಗುತ್ತದೆ; ಬೆರಳೂ ತಪ್ಪುವುದುಂಟು.

ಜನವರಿ ಹತ್ತೊಂಬತ್ತು. ಹನ್ನೆರಡು ಹೊಡೆಯಿತು.
ಪರದೆಯ ಮೇಲೆ ಪಟ್ಟಿ ಒಮ್ಮೆ ಮಿಟುಕಿ
ನಾಲ್ಕಿದ್ದ ಹೆಸರು ಮೂರಾಯಿತು.
ಮೇಲೆ ಹಾಡು, ಕೂಗು, ಬಿರಡೆ ಹಾರಿದ ಸದ್ದು.
ಒಂದು ನಿಮಿಷದ ಹಿಂದೆ ಒಂದಿಡೀ ಕಚೇರಿಯ ಕಣ್ಣು ಇವಳ ಮೇಲೆ;
ಈಗ ಬುಧವಾರವಿಲ್ಲ, ಫಾರ್ಮಿಲ್ಲ, ಅಮ್ಮನ ಸಹಿ ಬೇಡ.
ಕಡಲು ಹಿಂದೆ ಸರಿಯಿತು.
ಇನ್ನು ಯಾರೂ ಇಳಿಯಬಹುದು.

ಹನ್ನೆರಡೂ ಕಾಲಿಗೆ ಗೇಟಿನಾಚೆ ನೀಲಿ ಕಾರು,
ದೀಪ ಆರಿಸಿ, ಎಂಜಿನು ಗುರುಗುಟ್ಟಿಸಿಕೊಂಡು.

ಫೋನು ಎತ್ತಿದೆ. ಇಟ್ಟೆ. ಏನೆಂದು ಹೇಳಲಿ,
ದೊಡ್ಡವಳಿಗೆ ಶುಭಾಶಯ ಹೇಳಲು
ದೊಡ್ಡವನೊಬ್ಬ ಬಂದಿದ್ದಾನೆಂದೇ?

ಹಾದಿಯೆಲ್ಲ ಹೆಪ್ಪುಗಟ್ಟಿ ಗಾಜಾಗಿತ್ತು.
ಬಾಗಿಲ ಹಿಂದೆ ಉಪ್ಪಿನ ಹಳದಿ ಡಬ್ಬ.
ಉಪ್ಪು ಹಾಕಲು ಯಾರ ವಯಸ್ಸೂ ಕೇಳಬೇಕಿಲ್ಲ.
ಕೋಟು ತೊಟ್ಟು ಹೊರಗೆ ಬಂದೆ.
ಮೆಟ್ಟಿಲಿನಿಂದ ಗೇಟಿನ ತನಕ,
ಗೇಟಿನಿಂದ ಕಾರಿನ ಬಾಗಿಲ ತನಕ,
ಒಂದೊಂದೇ ಹಿಡಿ, ಸಾವಕಾಶ,
ಅವನ ಗಾಜಿಗೆ ನನ್ನ ಟಾರ್ಚು ತಾಕುವಷ್ಟು ಹತ್ತಿರ.
ಮುಗಿದಾಗ ಮತ್ತೆ ಮೊದಲಿನಿಂದ.

ಮೇಲೆ ಒಂದು ಕಿಟಕಿ ತೆರೆಯಿತು, ಅಂಗೈಯಗಲ.
"ಎಫಿ, ಈ ಹೊತ್ತಲ್ಲಿ ಏನು ಮಾಡುತ್ತಿದ್ದೀರಿ?"

ಜಾರುತ್ತದೆ, ಅಂದೆ.
ಡಬ್ಬದಲ್ಲಿ ಇನ್ನೂ ಅರ್ಧ ಉಪ್ಪಿತ್ತು.