ತುಂಬೆ ಅಣೆಯ ಕೆಳಗೆ

ಅಂಕದಲ್ಲಿ ಸೋತ ಹುಂಜದ ಕುತ್ತಿಗೆಯ ನಾಲ್ಕು ಗರಿ,
ಯಾರದೋ ಮದುವೆ ರವಿಕೆಯಲ್ಲಿ ಮಿಕ್ಕ ಜರಿ ನೂಲು.
ರಾತ್ರಿ ಹೊಲಿಗೆ ಮೆಷಿನಿನ ದೀಪದಡಿ
ಗಾಳಕ್ಕೆ ಸುತ್ತಿ ಸುತ್ತಿ ಒಂದು ನೊಣ ಮಾಡಿದೆ.
ಹೆಂಡತಿ ಕೇಳಿದಳು, "ಇದಕ್ಕೆ ಕಾಜ ಹಾಕಲಿಕ್ಕಿಲ್ಲವೋ?"

ಪೆರಾರ್ದೆ ತಿಂಗಳ ಬೆಳಗಿನ ಆರು ಗಂಟೆ.
ಕುಸ್ವಾರಿನ ಖಾಲಿ ಡಬ್ಬಿಯಲ್ಲಿ ನೊಣ.
ಮೇಲೆ ಮಂಗಳೂರಿನ ಕುಡಿಯುವ ನೀರೆಲ್ಲ
ಗೋಡೆಗೆ ಒರಗಿ ನಿದ್ದೆಯಲ್ಲಿದೆ.
ಒಂದು ಗೇಟು ಮಾತ್ರ ಗೇಣಷ್ಟು ಎತ್ತಿ
ಅಡಿಯ ತಣ್ಣೀರು
ಮೊಣಕಾಲಿಗೆ ಸೂಜಿ ಹಾಕುತ್ತಿದೆ.

ಬೀಸಿದೆ. ನೂಲು ಮಂಜಿನೊಳಗೆ ಹೋಯಿತು,
ಎಲ್ಲಿ ಬಿತ್ತೋ ನೀರಿಗೇ ಗೊತ್ತು.
ಮತ್ತೆ ಬೀಸಿದೆ. ಹನ್ನೊಂದನೆಯ ಸಲವೋ ಏನೋ,
ನೊರೆಯ ಅಂಚು ಒಮ್ಮೆ ಮಡಚಿತು.
ಕೆಂಬೇರಿ!
ಬಿದಿರು ಬಾಗಿ ಬಾಗಿ ನೀರು ಮುಟ್ಟಿತು,
ನನ್ನ ಹೆಬ್ಬೆರಳಿನಲ್ಲಿ ಅದರ ಹಟ.

ಬಂಡೆಯ ಸಂದಿಗೆ ನುಗ್ಗಿತು. ನೂಲು ತುಂಡು.

ಗೇಟಿನ ಮೇಲಿಂದ ವಾಚ್‌ಮನ್ ಇದಿನಬ್ಬ ಕೂಗಿದ,
"ಸಿಕ್ಕಿತಾ ಪೊರ್ಬುಗಳೇ?"
"ಇಲ್ಲ ಮಾರಾಯ, ಕೊಟ್ಟು ಬಂದೆ."

ಈಗ ಈ ಹೊಳೆಯಲ್ಲೊಂದು ಮೀನು
ತುಟಿಯ ಅಂಚಿಗೆ ಜರಿ ಹೊಲಿಸಿಕೊಂಡು
ಸಮುದ್ರಕ್ಕೋ ದಿಬ್ಬಣಕ್ಕೋ
ಹೊರಟಿರಬಹುದು.
ಹೊಲಿಗೆಯ ದುಡ್ಡು ಕೊಟ್ಟಿಲ್ಲ.