ಡಬ್ಬ ಹಾಕುವುದು

ಕಾರಟಗಿಯಲ್ಲಿ ರಾತ್ರಿಯೆಲ್ಲ ರೈಸ್‌ಮಿಲ್ಲುಗಳು ಉಸಿರಾಡುತ್ತವೆ.
ಬೆಳಗಾದರೆ ಒಣಹಾಕಿದ ಸೀರೆಯ ಮೇಲೆ,
ನನ್ನ ಸ್ಕೂಟಿಯ ಸೀಟಿನ ಮೇಲೆ
ಹೊಟ್ಟಿನ ಬೂದಿ,
ಯಾರೋ ಕರಿ ಕಾಗದವನ್ನು ಸಣ್ಣಗೆ ಹರಿದು ತೂರಿದ ಹಾಗೆ.

ಹೈಸ್ಕೂಲಿನ ಮಾಳಿಗೆಯ ಮೇಲೂ ಅಷ್ಟೇ.
ಅಲ್ಲೊಂದು ಸೋಲಾರ್ ಪ್ಲೇಟು, ನಲವತ್ತು ವ್ಯಾಟಿನದು;
ಕೆಳಗೆ ಹತ್ತನೇ ಕ್ಲಾಸಿನ ಸಂಜೆಯ ಓದಿಗೆ ಎರಡು ಬಲ್ಬು.
ಸೋಮವಾರ ಒರೆಸಿದರೆ ಮಧ್ಯಾಹ್ನಕ್ಕೆ ಎರಡು ಆಂಪಿಯರ್ ಚಿಲ್ಲರೆ.
ಶುಕ್ರವಾರಕ್ಕೆ ಒಂದೂವರೆಯೂ ಇಲ್ಲ,
ಬೀಜಗಣಿತದ ನಟ್ಟನಡುವೆ ಕತ್ತಲು.

'ಇದು ನಿಮ್ಮ ಲೆಕ್ಕ, ನೀವೇ ಬಿಡಿಸಿ' ಎಂದು
ಸೀಮೆಸುಣ್ಣ ಕೆಳಗಿಟ್ಟೆ.
ಹಾಗೆ ಇಡುವುದು ನನಗೂ ಹೊಸತು.
ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು
ಹದಿನೆಂಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಯಮನೂರ ಅಣ್ಣನ ಗ್ಯಾರೇಜಿನಿಂದ ಲಾರಿಯ ವೈಪರ್ ತಂದ,
ಮೋಟಾರು ಸಮೇತ.
ಮೊದಲ ಸಲ ಅದು ಅತ್ತಿಂದಿತ್ತ ಆಡಿದಾಗ
ಮೂವತ್ತೊಂದು ಮಕ್ಕಳು ಮಾಳಿಗೆ ಕುಸಿಯುವ ಹಾಗೆ ಕೂಗಿದರು.
ಒಂಬತ್ತನೇ ದಿನ ಗಾಜಿನ ತುಂಬ ಕಮಾನು ಕಮಾನು ಗೀರು.
ಖಾಜಾಬಿ ಬೆರಳಿನಿಂದ ಸವರಿ ನೋಡಿ ಅಂದಳು:
'ನಮ್ಮಜ್ಜಿ ಇದ ಬೂದ್ಯಾಗ ಹಲ್ಲು ತಿಕ್ತಾಳ್ರಿ,
ಉಸುಕು ಇದ್ದಂಗ ಇರ್ತೈತಿ.'
ಪುಸ್ತಕ ತೆರೆದೆವು. ಸಿಲಿಕಾ.
ಗಾಜಿನೊಳಗೂ ಅದೇ, ಬೂದಿಯೊಳಗೂ ಅದೇ;
ಪಾಲು ಕೇಳಿ ನಿಂತ ಅಣ್ಣತಮ್ಮರ ಹಾಗೆ
ಒಂದನ್ನೊಂದು ಕೆರೆಯುತ್ತಿದ್ದವು.

ನೀರು ಸುರಿದೆವು. ಬೋರಿನ ನೀರು ಆರಿ ಬಿಳಿ ಕಲೆ ಬಿಟ್ಟಿತು.
ಕ್ಯಾಂಪಿನ ಸೀತಾರತ್ನಂ ಭತ್ತ ತೂರುವ ಫ್ಯಾನು ಇಡೋಣವೆಂದು
ಚಿತ್ರ ಬರೆದಳು, ಗುಣಿಸಿದಳು,
ಫ್ಯಾನು ತಿನ್ನುವುದು ಪ್ಲೇಟು ದುಡಿಯುವುದಕ್ಕಿಂತ ಹೆಚ್ಚು ಎಂದು
ತಾನೇ ಅಡ್ಡಗೆರೆ ಎಳೆದಳು.
ಆ ಹಾಳೆ ನನ್ನ ಬಳಿಯೇ ಇದೆ.
ನೂರಕ್ಕೆ ನೂರು ಬಿದ್ದ ಎಷ್ಟೋ ಹಾಳೆಗಳು
ರದ್ದಿಗೆ ಹೋಗಿವೆ.

ಹುಲಿಗೆಮ್ಮ ಮಾತಿನವಳಲ್ಲ.
ಅವಳ ಅವ್ವ ಮಿಲ್ಲಿನ ಕ್ಯಾಂಟೀನಿನಲ್ಲಿ ಬಾಂಡೆ ತಿಕ್ಕುತ್ತಾಳೆ,
ರವಿವಾರ ಇವಳೂ ಕೈ ಹಚ್ಚುತ್ತಾಳೆ.
ನೋಟ್‌ಬುಕ್ಕಿನ ಅಂಚು ಮಡಚುತ್ತ ಕೇಳಿದಳು:
'ಬೂದಿ ಬೀಳೂದು ರಾತ್ರಿ. ಬಿಸಿಲು ಬರೂದು ಹಗಲಾಗ.
ಬಾಂಡೆ ತಿಕ್ಕಿ ಡಬ್ಬ ಹಾಕ್ತೀವಲ್ರಿ ಟೀಚರ್,
ಪ್ಲೇಟೂ ರಾತ್ರಿ ಡಬ್ಬ ಹಾಕಿದ್ರ?'

ಸ್ವಲ್ಪ ಹೊತ್ತು ಮಿಲ್ಲಿನ ಸದ್ದು ಮಾತ್ರ.
ಆಮೇಲೆ ಯಮನೂರ, ಯಾರೂ ಹೇಳದೆ,
ತನ್ನ ವೈಪರಿನ ನಟ್ಟು ಬಿಚ್ಚತೊಡಗಿದ.

ಸೈಕಲ್ಲಿನದೊಂದು ಅಚ್ಚು, ಎರಡು ಬೇರಿಂಗು, ಒಂದು ಸೇದುಹಗ್ಗ.
ಸಂಜೆ ಎಳೆದರೆ ನೆಲಕ್ಕೆ ಮುಖ, ಬೆಳಿಗ್ಗೆ ಎಳೆದರೆ ಮುಗಿಲಿಗೆ.
ಶುಕ್ರವಾರವೂ ಎರಡಕ್ಕೆ ಸ್ವಲ್ಪ ಕಡಿಮೆ, ಅಷ್ಟೇ.
ಹಗ್ಗಕ್ಕೆ ಪಾಳಿ ಹಚ್ಚಿದೆವು, ಹಾಜರಿ ಪುಸ್ತಕದ ಹಾಗೆ.

ಮೂರನೇ ವಾರದ ಒಂದು ಸಾಲು:
ರವಿವಾರ. ಯಾರೂ ಬಂದಿಲ್ಲ. ಸೊನ್ನೆ.

ಕೊಪ್ಪಳದ ಪ್ರದರ್ಶನಕ್ಕೆ ಒಯ್ಯುವ ಮೊದಲು
ಅದೊಂದನ್ನು ಅಳಿಸಿಬಿಡಿ ಎಂದರು ಹೆಡ್‌ಮಾಸ್ತರು.
ಹುಲಿಗೆಮ್ಮ ಪುಸ್ತಕ ಎದೆಗೆ ಒತ್ತಿಕೊಂಡಳು.
'ಅದೂ ಅಳತೀನ ಅಲ್ರಿ, ಸರ್.'

ಗಾಜಿನ ಮೇಲೆ ಆ ಕಮಾನು ಗೀರುಗಳು ಇನ್ನೂ ಇವೆ.
ಸಂಜೆ ಹಗ್ಗ ಎಳೆಯುವಾಗ
ಓರೆ ಬಿಸಿಲು ಅವನ್ನು ಒಂದು ಗಳಿಗೆ ತೋರಿಸುತ್ತದೆ.
ಇವತ್ತು ಯಮನೂರನ ಪಾಳಿ.
ಮಿಲ್ಲು ಶುರುವಾಗಿದೆ. ಅವನಿನ್ನೂ ಮೆಟ್ಟಿಲ ಮೇಲಿದ್ದಾನೆ,
ಓಡುತ್ತ.