ಎಂಟೋ ಬೀಯೋ

ಬೆಳಗಿನ ಚಳಿಯಲ್ಲಿ ಒಂದೇ ಕೀಲಿಗೆ ಎದ್ದು ಕೂರುವ ಗಾಡಿ
ಬಿಸಿಲೇರಿದರೆ ಸಾಯುತ್ತದೆ.
ಹೊನ್ನೇಶನ ಪಿಕಪ್ಪು. ಮೇಲೆ ಶಾಮಿಯಾನ,
ಇನ್ನೂರು ಕುರ್ಚಿ, ಅನ್ನದ ಕೊಪ್ಪರಿಗೆ.
ನಾಳೆ ದುದ್ದದಲ್ಲಿ ಬೀಗರೂಟ.

ಶೋರೂಮಿನವರು ಡಬ್ಬಿಯನ್ನೇ ಬದಲಿಸಿ ಎಂದರಂತೆ.
ಮೂವತ್ತೆಂಟು ಸಾವಿರ, ಅದೂ ಹತ್ತು ದಿನ ಬಿಟ್ಟು.
ಹಾಸನದ ಬಿ.ಎಂ. ರಸ್ತೆಯ ಬೆನ್ನಿಗಿರುವ ನನ್ನ ಗಲ್ಲಿಗೆ
ಅದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಾನೆ,
ಬಾಣಂತಿ ಮನೆಯಿಂದ ತಂದ ಹಾಗೆ.

ಬ್ಲೇಡಿನಿಂದ ಅಂಟು ಬಿಡಿಸಿದೆ.
ನನ್ನ ತಲೆಗೆಂದೂ ಹಿಡಿಯದ ಹೇರ್ ಡ್ರೈಯರನ್ನು
ಅದರ ತಲೆಗೆ ಹಿಡಿದೆ.
ಐದು ವೋಲ್ಟು ಇರಬೇಕಾದ ದಾರಿಯಲ್ಲಿ
ನಾಲ್ಕೂ ಮುಕ್ಕಾಲು, ನಾಲ್ಕೂವರೆ, ನಾಲ್ಕು,
ಮೀಟರು ಮೆಟ್ಟಿಲಿಳಿಯಿತು.
ನಡುವೆ ಯಾರೋ ಕುಡಿಯುತ್ತಿದ್ದಾರೆ.

ಹಲಗೆಗೆಲ್ಲ ಸ್ಪಿರಿಟ್ಟು ಸವರಿ ಕಾದೆ.
ಎಲ್ಲ ಕಡೆ ಒದ್ದೆ, ಒಂದು ಚುಕ್ಕೆಯಷ್ಟು ಜಾಗ ಆಗಲೇ ಒಣಗಿದೆ.
ಅಲ್ಲಿ, ಕೆಪಾಸಿಟರಿನ ಮರೆಯಲ್ಲಿ,
ಎಳ್ಳಿಗಿಂತ ತುಸು ದೊಡ್ಡದು, ಮೂರು ಕಾಲು,
ಬೆನ್ನ ಮೇಲೆ ಬರಹ:
ಕೆ, ಆಮೇಲೆ ಎಂಟೋ ಬೀಯೋ, ಆಮೇಲೆ ಏಳು.

ದೊಡ್ಡವ್ವನ ಮೊಣಕೈ ಕೆಳಗೆ ಹಸಿರು ಹಚ್ಚೆಯಿತ್ತು.
ಪುಟ್ಟ ಎಂದೋ ಪುಟ್ಟಿ ಎಂದೋ,
ಚರ್ಮ ಸಡಿಲವಾಗಿ ಗುಡಿಸು ಇಂಗಿಹೋಗಿತ್ತು.
ಯಾರದು ಎಂದು ಕೇಳುವಷ್ಟರಲ್ಲಿ ಅವಳಿರಲಿಲ್ಲ.

ಕಿತ್ತು ತೆಗೆದೆ. ಐದು ವೋಲ್ಟು ನೆಟ್ಟಗೆ ನಿಂತಿತು.
ಎಂಜಿನ್ನು ಬಿಸಿಯಲ್ಲೂ ಗುರ್ ಎಂದಿತು.
‘ಇಲ್ದೇನೇ ಓಡ್ತಾ ಐತಲ್ಲಕ್ಕ, ಬುಡಿ ಅತ್ಲಾಗೆ’
ಎಂದ ಹೊನ್ನೇಶ, ಡಬ್ಬಿಗೆ ಕೈ ಚಾಚಿ.
ಓಡುತ್ತದೆ. ಅದರ ಕೆಲಸ ಓಡಿಸುವುದಲ್ಲ ಮಾರಾಯ.
ಡೈನಮೋ ಎಂದಾದರೊಂದು ದಿನ ಉಕ್ಕಿದರೆ
ಆ ಉಕ್ಕನ್ನು ನುಂಗಿ ನೆಲಕ್ಕಿಳಿಸುವುದು,
ಅಲ್ಲಿಯ ತನಕ ಸುಮ್ಮನೆ ಕೂತಿರುವುದು.

ಮುನಾವರ್ ಸಾಬರು ಬಿಟ್ಟುಹೋದ ಡೈರಿ ತೆಗೆದೆ.
ಎಂಟಾದರೆ ಐದು ಪಾಯಿಂಟ್ ಆರು,
ಬೀ ಆದರೆ ಆರು ಪಾಯಿಂಟ್ ಎಂಟು.
ಅವರ ಕೈಬರಹದಲ್ಲೂ ಎರಡೂ ಒಂದೇ ಥರ.
ನಕ್ಕುಬಿಟ್ಟೆ. ಹೊನ್ನೇಶನಿಗೆ ನಗು ಬರಲಿಲ್ಲ.

ಪಕ್ಕದ ಜ್ಯೂಸಂಗಡಿಯಿಂದ ಐಸಿನ ತುಂಡು ತರಿಸಿ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆ ಸತ್ತದ್ದನ್ನು
ಅದರ ಮೇಲೆ ಮಲಗಿಸಿ, ಎರಡು ಸೂಜಿ ಮುಟ್ಟಿಸಿ,
ವೋಲ್ಟು ಏರಿಸುತ್ತ ಹೋದೆ.
ಬಿಸಿಯಲ್ಲಿ ಬಡಬಡಿಸಿದ್ದು ತಣ್ಣಗಾದಾಗ ಬಾಯ್ಬಿಟ್ಟಿತು:
ಐದು ಪಾಯಿಂಟ್ ಐದು, ಆರು, ಆರು.
ಅಲ್ಲೇ ನಿಂತಿತು.
ಎಂಟು.

ಸಿಕ್ಕಿದ್ದು ಕೆಟ್ಟು ಬಿದ್ದಿದ್ದ ಟಿಕೆಟ್ ಮಷೀನಿನ ಹೊಟ್ಟೆಯಲ್ಲಿ.
ಅರಸೀಕೆರೆ, ಬಾಣಾವರ, ಕಡೂರು ಎಂದು
ಎಷ್ಟು ವರ್ಷ ಚೀಟಿ ಹರಿದಿತ್ತೋ.
ಅದರ ಬೆನ್ನ ಮೇಲೆ ಬೇರೆಯದೇ ಗುರುತು,
ಕೆ ಇಲ್ಲ, ಏಳಿಲ್ಲ.
ಅಳೆದೆ. ಅದೇ ಐದು ಪಾಯಿಂಟ್ ಆರು.
ಉಸಿರು ಹಿಡಿದು ಒಂದು ಕಾಲು, ಉಸಿರು ಬಿಟ್ಟು ಎರಡು,
ಮೂರನೆಯದಕ್ಕೆ ಸೀಸ ತಾನೇ ಹರಿದು ಕೂತಿತು.

ಆರುನೂರು ಕೇಳಿದೆ, ಐನೂರು ಕೊಟ್ಟ.
‘ಊಟಕ್ಕೆ ಬನ್ನಿ’ ಎಂದು ಉಳಿದದ್ದನ್ನು ತೀರಿಸಿದ.
ಹಳೆಯದನ್ನು ಡೈರಿಗೆ ಟೇಪಿನಲ್ಲಿ ಅಂಟಿಸಿ
ಪಕ್ಕದಲ್ಲಿ ಬರೆದೆ, ದೊಡ್ಡದಾಗಿ, ಕನ್ನಡದಲ್ಲಿ: ಎಂಟು.

ಮರುದಿನ ಬಿಸಿಲು ಜೋರಿತ್ತು.
ಹನ್ನೆರಡಾಯಿತು, ಒಂದಾಯಿತು.
ಮೇಜಿನ ಮೇಲೆ ಫೋನು ಮೇಲ್ಮುಖವಾಗಿಟ್ಟು
ಯಾರದೋ ಮಿಕ್ಸಿ ಬಿಚ್ಚುತ್ತಿದ್ದೆ.
ಎರಡಾಯಿತು.
ಫೋನು ಬರಲಿಲ್ಲ.